ಸೇಂಟ್ ಆಂಡ್ರೂಸ್: ಊರಿನ ಗೋಮಾಳದಲ್ಲಿ ಒಂದು ಸುತ್ತು ಗಾಲ್ಫ್

ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರೂಸ್ ಊರಿಗೆ ಈಗ ರೈಲಿಲ್ಲ. ಎಡಿನ್‌ಬರಾದಲ್ಲಿ ರೈಲು ಹತ್ತಿ, 1890ರ ಆ ಕೆಂಪು ಫೋರ್ತ್ ಸೇತುವೆ ದಾಟಿ, ಲೂಕರ್ಸ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ಬಸ್ಸು. ಮೊದಲು ಊರಿನವರೆಗೂ ರೈಲು ಬರುತ್ತಿತ್ತು, 1969ರಲ್ಲಿ ನಿಲ್ಲಿಸಿದರು. ಬಸ್ಸು ಊರು ಸೇರುವ ಮೊದಲೇ ಎಡಗಡೆ ಹುಲ್ಲುಗಾವಲು ಶುರುವಾಗುತ್ತದೆ. ಅಲ್ಲಲ್ಲಿ ಬಾವುಟಗಳು, ಬ್ಯಾಗು ಹೊತ್ತು ನಡೆಯುವ ಜನ. ಗಾಲ್ಫ್ ಆಡುವವರು ಜೀವನದಲ್ಲಿ ಒಂದು ಸಲ ನೋಡಬೇಕು ಅಂದುಕೊಳ್ಳುವ ಓಲ್ಡ್ ಕೋರ್ಸ್ ಅದೇ.

ಬೆಂಗಳೂರಿನಲ್ಲಿ ಗಾಲ್ಫ್ ಎಂದರೆ ಕಾಂಪೌಂಡಿನ ಆಚೆಗಿನ ಆಟ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ ಊರಿನ ನಡುವೆಯೇ ಇದೆ. ಹೈಗ್ರೌಂಡ್ಸ್ ಕಡೆ ಓಡಾಡುವವರಿಗೆಲ್ಲ ಆ ಹಸಿರು ಗೊತ್ತು, ಒಳಗೆ ಕಾಲಿಟ್ಟವರು ಕಡಿಮೆ. ಹಾಗಾಗಿ ಸೇಂಟ್ ಆಂಡ್ರೂಸ್‌ನಲ್ಲಿ ಇಳಿದ ಕೂಡಲೇ ನನ್ನನ್ನು ತಡೆದು ನಿಲ್ಲಿಸಿದ್ದು ಆಟವಲ್ಲ, ಮೊದಲನೇ ಮತ್ತು ಕೊನೆಯ ಹೋಲ್‌ಗಳನ್ನು, ಅಂದರೆ ಮೊದಲ ಹೊಡೆತದ ಜಾಗದಿಂದ ಗುಂಡಿಯವರೆಗಿನ ಹಾದಿಗಳನ್ನು, ಅಡ್ಡಕ್ಕೆ ಸೀಳಿಕೊಂಡು ಹೋಗುವ ಒಂದು ರಸ್ತೆ. ಗ್ರ್ಯಾನಿ ಕ್ಲಾರ್ಕ್ಸ್ ವೈಂಡ್ ಅಂತ ಅದರ ಹೆಸರು. ಸಾರ್ವಜನಿಕ ರಸ್ತೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಒಬ್ಬ ತಾಯಿ ಅದರಲ್ಲಿ ಸಮುದ್ರದ ಕಡೆ ಹೊರಟಿದ್ದರು. ಟೀ ಹತ್ತಿರ, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗದಲ್ಲಿ, ಕೋಲು ಹಿಡಿದು ನಿಂತಿದ್ದವರು ಅವರು ದಾಟುವ ತನಕ ಕಾದರು. ಯಾರೂ ಗೊಣಗಲಿಲ್ಲ.

ಕಾಯಲೇಬೇಕು, ಯಾಕೆಂದರೆ ಈ ನೆಲ ಊರಿನದು. ನಮ್ಮ ಹಳ್ಳಿಗಳ ಗೋಮಾಳ ಇದ್ದ ಹಾಗೆ. ಮೊದಲನೇ ಟೀ ಹಿಂದೆ ಗತ್ತಿನಿಂದ ನಿಂತ ಕಲ್ಲಿನ ಕಟ್ಟಡದ ಫೋಟೋವನ್ನು ನೀವು ನೋಡಿರುತ್ತೀರಿ. ಅದು 1754ರಲ್ಲಿ ಹುಟ್ಟಿದ ರಾಯಲ್ ಆಂಡ್ ಏನ್ಶಿಯೆಂಟ್ ಕ್ಲಬ್ಬಿನದು. ಕಟ್ಟಡ ಅವರದು, ಕೋರ್ಸ್ ಅವರದಲ್ಲ. ಸಮುದ್ರದಂಚಿನ ಈ ಮರಳು ನೆಲದಲ್ಲಿ ಗಾಲ್ಫ್ ಆಡುವ ಊರಿನವರ ಹಕ್ಕನ್ನು ಆರ್ಚ್‌ಬಿಷಪ್ ಹ್ಯಾಮಿಲ್ಟನ್ 1552ರಲ್ಲೇ ಬರಹದಲ್ಲಿ ಒಪ್ಪಿಕೊಂಡಿದ್ದ. ಆ ಪತ್ರದಲ್ಲಿ ಮೊಲ ಸಾಕುವ ಹಕ್ಕನ್ನು ಮಾತ್ರ ತನಗೆ ಇಟ್ಟುಕೊಂಡ. ಆ ಮೊಲಗಳ ಕಥೆ ಮುಂದಿದೆ.

ಆಡುವುದಕ್ಕೆ ಅವಕಾಶ ಸಿಗುವುದು ಲಾಟರಿಯಲ್ಲಿ. ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಇರಬೇಕು. ಒಬ್ಬರೇ ಬಂದವರು ಹಿಂದಿನ ದಿನ ಹೋಗಿ ಹೆಸರು ಕೊಡಬೇಕು, ಸಂಜೆ ಹೆಸರು ಎತ್ತುತ್ತಾರೆ, ಜಾಗ ಖಾಲಿ ಇರುವ ಗುಂಪಿಗೆ ಸೇರಿಸುತ್ತಾರೆ. ಸೀಸನ್ನಿನಲ್ಲಿ ಹೊರಗಿನವರಿಗೆ ಒಂದು ಸುತ್ತಿಗೆ 300 ಪೌಂಡ್ ದಾಟುತ್ತದೆ, ದುಬಾರಿಯೇ. ಊರಿನವರಿಗೆ ಮಾತ್ರ ತೀರಾ ಕಡಿಮೆ ದರದಲ್ಲಿ ವರ್ಷದ ಟಿಕೆಟ್ ಇದೆ. ನನಗೆ ಇದು ಸರಿ ಅನ್ನಿಸಿತು. ನನ್ನನ್ನು ಸೇರಿಸಿದ ಗುಂಪಿನಲ್ಲಿ ಅದೇ ಊರಿನ ಒಬ್ಬ ನಿವೃತ್ತ ಮೇಷ್ಟ್ರು ಇದ್ದರು. ನಾನು ಈ ಕೋರ್ಸನ್ನು ಅರ್ಥ ಮಾಡಿಕೊಂಡದ್ದು ಅವರ ಬಾಯಿಂದಲೇ.

ಮೊದಲನೇ ಹೋಲ್‌ನ ಹೆಸರು ‘ಬರ್ನ್’, ಅಂದರೆ ಹಳ್ಳ. ಇಲ್ಲಿ ಹದಿನೆಂಟಕ್ಕೂ ಹೆಸರಿದೆ. ಮೊದಲನೆಯದರ ಫೇರ್‌ವೇ (ಟೀಗೂ ಗುಂಡಿಗೂ ನಡುವಿನ ಕತ್ತರಿಸಿದ ಹುಲ್ಲು) ಮತ್ತು ಹದಿನೆಂಟನೆಯದರ ಫೇರ್‌ವೇ ಒಂದೇ ಬಯಲು, ಅಷ್ಟಗಲ. ಆದರೆ ಗುಂಡಿ ಇರುವ ನುಣುಪು ಹುಲ್ಲಿನ ಗ್ರೀನ್ ಮುಂದೆಯೇ ಸ್ವಿಲ್ಕನ್ ಹಳ್ಳ ಹರಿಯುತ್ತದೆ. ಎರಡೂ ಕಡೆ ಗೋಡೆ ಕಟ್ಟಿದ, ಒಂದು ನೆಗೆತಕ್ಕೆ ದಾಟಬಹುದಾದ ನೀರು. ನನ್ನ ಎರಡನೇ ಹೊಡೆತ ಅದರ ಮೇಲೆ ಹಾರಿ ಗ್ರೀನ್ ಅಂಚಿಗೆ ಬಿದ್ದಾಗ ಎದೆ ಹಗುರಾಯಿತು.

ಎರಡನೆಯದರಿಂದ ಆರನೆಯದರವರೆಗೆ ನಡಿಗೆ ಊರಿನಿಂದ ದೂರ, ಈಡನ್ ನದಿ ಸಮುದ್ರ ಸೇರುವ ಕಡೆಗೆ. ಬಲಗಡೆ ಉದ್ದಕ್ಕೂ ಗೋರ್ಸ್ ಎಂಬ ಮುಳ್ಳಿನ ಪೊದೆ. ನಾನು ಹೋದದ್ದು ಮೇ ತಿಂಗಳು, ಪೊದೆಯೆಲ್ಲ ಹಳದಿ ಹೂ. ಚೆಂಡು ಹುಡುಕುವ ನೆಪದಲ್ಲಿ ಹತ್ತಿರ ಹೋದರೆ ಘಮ್ಮೆಂದು ಕೊಬ್ಬರಿ ವಾಸನೆ! ಹೂವಿನ ಎಸಳು ಬಿಡಿಸಿ ಮೂಗಿಗೆ ಹಿಡಿದು ನೋಡಿದೆ, ಆಗ ತಾನೇ ತುರಿದ ತೆಂಗಿನಕಾಯಿಯದೇ ವಾಸನೆ. ಅಷ್ಟು ಚಳಿಗಾಳಿಯಲ್ಲಿ, ಒಂದೇ ಒಂದು ತೆಂಗಿನ ಮರವಿಲ್ಲದ ನಾಡಿನಲ್ಲಿ. ಮುಳ್ಳು ಮಾತ್ರ ಹುಷಾರು.

ಈ ಕೋರ್ಸಿನ ವಿಚಿತ್ರ ಎಂದರೆ ಜೋಡಿ ಗ್ರೀನ್‌ಗಳು. ಹೋಗುವಾಗಿನ ಒಂದು ಹೋಲ್, ಬರುವಾಗಿನ ಇನ್ನೊಂದು ಹೋಲ್, ಎರಡಕ್ಕೂ ಒಂದೇ ಗ್ರೀನ್. ಎರಡನೆಯದು ಹದಿನಾರನೆಯದರ ಜೊತೆ, ಮೂರನೆಯದು ಹದಿನೈದನೆಯದರ ಜೊತೆ. ಕೂಡಿಸಿ ನೋಡಿ, ಎಲ್ಲ ಜೋಡಿಯೂ ಹದಿನೆಂಟೇ. ಇಂಥವು ಏಳು. ಹೋಗುವವರಿಗೆ ಬಿಳಿ ಬಾವುಟ, ಬರುವವರಿಗೆ ಕೆಂಪು. ಐದು ಮತ್ತು ಹದಿಮೂರರ ಗ್ರೀನ್ ಮುಕ್ಕಾಲು ಎಕರೆಗಿಂತ ಜಾಸ್ತಿ. ಅದರ ಒಂದು ತುದಿಯಿಂದ ಇನ್ನೊಂದು ತುದಿಗೆ ಪಟ್ ಮಾಡುವುದೆಂದರೆ (ಚೆಂಡನ್ನು ನೆಲದ ಮೇಲೆ ಉರುಳಿಸುವ ಹೊಡೆತ ಅದು) ಭುಜ ಎತ್ತಿಯೇ ಹೊಡೆಯಬೇಕು. ಮೊದಲು ಹೋಗುವವರೂ ಬರುವವರೂ ಒಂದೇ ಗುಂಡಿಗೆ ಆಡುತ್ತಿದ್ದರಂತೆ. ಜನ ಜಾಸ್ತಿಯಾದ ಮೇಲೆ ಗ್ರೀನ್ ಅಗಲವಾಯಿತು, ಗುಂಡಿ ಎರಡಾಯಿತು.

ಹದಿನೆಂಟು ಎಂಬ ಲೆಕ್ಕ ಹುಟ್ಟಿದ್ದೂ ಇಲ್ಲೇ. ಆಗ ಇಲ್ಲಿ ಒಂದು ಸುತ್ತಿಗೆ 22 ಹೋಲ್ ಆಡುತ್ತಿದ್ದರು. 1764ರಲ್ಲಿ, ತೀರಾ ಚಿಕ್ಕದಾಗಿದ್ದ ನಾಲ್ಕನ್ನು ಎರಡು ಮಾಡಿದರು. ಹೋಗುವಾಗ ಎರಡು, ಬರುವಾಗ ಎರಡು ಕಡಿಮೆಯಾಗಿ ಹದಿನೆಂಟು ಉಳಿಯಿತು. ಮುಂದೆ ಜಗತ್ತೆಲ್ಲ ಅದನ್ನೇ ಹಿಡಿಯಿತು.

ಆರನೇ ಟೀ ಹತ್ತಿರ ಮುಂದಿನ ಗುಂಪಿಗಾಗಿ ಕಾಯುವಾಗ ಮೇಷ್ಟ್ರು ಮೊಲದ ಕಥೆ ಹೇಳಿದರು. 1797ರಲ್ಲಿ ಊರಿನ ಆಡಳಿತ ಸಾಲದಲ್ಲಿ ಮುಳುಗಿತ್ತು. ಈ ನೆಲವನ್ನು ಮಾರಿತು. ಅದು ಡೆಂಪ್‌ಸ್ಟರ್ ಎಂಬ ವ್ಯಾಪಾರಿಗಳ ಕೈಗೆ ಬಂತು. ಅವರು ಚರ್ಮ ಮತ್ತು ಮಾಂಸಕ್ಕಾಗಿ ಇಲ್ಲಿ ಮೊಲ ಸಾಕಿದರು. ಮೊಲಗಳು ಬಯಲೆಲ್ಲ ತೋಡಿದವು. ಊರಿನ ಗಾಲ್ಫ್ ಆಟಗಾರರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಹೊಡೆದಾಟಗಳೂ ಆದವು. ಎರಡು ದಶಕ ಎಳೆದಾಡಿ, 1821ರಲ್ಲಿ ಪಕ್ಕದ ಜಮೀನ್ದಾರ ಜೇಮ್ಸ್ ಚೀಪ್ ನೆಲವನ್ನು ಕೊಂಡು ಮೊಲಗಳಿಂದ ಬಿಡಿಸಿದ. ಅವನೂ ಗಾಲ್ಫ್ ಆಡುವವನೇ. 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಊರು ತನ್ನ ನೆಲವನ್ನು ವಾಪಸ್ ಪಡೆಯಿತು. 1974ರ ಇನ್ನೊಂದು ಕಾಯ್ದೆಯಿಂದ ಲಿಂಕ್ಸ್ ಟ್ರಸ್ಟ್ ಬಂತು, ಈಗಲೂ ಅದೇ ನೋಡಿಕೊಳ್ಳುತ್ತದೆ.

ಕೇಳುತ್ತಾ ನನಗೆ ನಮ್ಮ ಕಡೆಯ ಎಷ್ಟೋ ಗೋಮಾಳಗಳು ಕಣ್ಣ ಮುಂದೆ ಬಂದವು. ಕೈ ತಪ್ಪಿದ ನೆಲವನ್ನು ಒಂದು ಊರು ಸುಮಾರು ನೂರು ವರ್ಷ ಬಿಡದೆ ವಾಪಸ್ ಪಡೆದದ್ದು ಸಣ್ಣ ವಿಷಯವಲ್ಲ. ಓಲ್ಡ್ ಕೋರ್ಸಿನ ಬಗ್ಗೆ ಚಾಂಪಿಯನ್ನರ ಕಥೆಗಳೇ ಜಾಸ್ತಿ ಓಡಾಡುತ್ತವೆ. ನನ್ನ ಕೇಳಿದರೆ ಇಲ್ಲಿನ ದೊಡ್ಡ ಗೆಲುವು ಇದೇ.

ಏಳರಿಂದ ಹನ್ನೊಂದರವರೆಗೆ ಕೋರ್ಸ್ ಸುತ್ತು ಹಾಕಿ ಊರಿನ ಕಡೆ ತಿರುಗುತ್ತದೆ. ಏಳನೆಯದೂ ಹನ್ನೊಂದನೆಯದೂ ಒಂದನ್ನೊಂದು ಕತ್ತರಿಸುತ್ತವೆ. ಯಾರು ಮೊದಲು ಹೊಡೆಯಬೇಕು ಎಂದು ಕೈಸನ್ನೆಯಲ್ಲೇ ಮಾತಾಡಿಕೊಳ್ಳಬೇಕು. ಹತ್ತನೆಯದಕ್ಕೆ ಬಾಬಿ ಜೋನ್ಸ್ ಹೆಸರು. 1921ರ ಓಪನ್‌ನಲ್ಲಿ, ಅಂದರೆ ಬ್ರಿಟನ್ನಿನ ದೊಡ್ಡ ಗಾಲ್ಫ್ ಚಾಂಪಿಯನ್‌ಶಿಪ್ಪಿನಲ್ಲಿ, ಇದರ ಮುಂದಿನ ಹೋಲ್‌ನ ಬಂಕರಿನಲ್ಲಿ (ಮರಳಿನ ಹೊಂಡ) ಸಿಕ್ಕಿಕೊಂಡು, ಸಿಟ್ಟಿನಲ್ಲಿ ಆಟ ಬಿಟ್ಟ ಅಮೆರಿಕದ ಹುಡುಗ ಅವನು. ಆಗ ಅವನಿಗೆ ಈ ಕೋರ್ಸ್ ಕಂಡರೆ ಆಗುತ್ತಿರಲಿಲ್ಲ. 1927ರಲ್ಲಿ ಇಲ್ಲೇ ಓಪನ್ ಗೆದ್ದ. 1958ರಲ್ಲಿ ಊರು ಅವನಿಗೆ ತನ್ನ ಪೌರತ್ವದ ಗೌರವ ಕೊಟ್ಟಿತು. ಅದಕ್ಕೆ ಮೊದಲು ಆ ಗೌರವ ಸಿಕ್ಕಿದ್ದ ಅಮೆರಿಕನ್ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನೇ.

ಹನ್ನೊಂದನೆಯದು ಸಣ್ಣದು, ಪಾರ್ ಮೂರು, ಅಂದರೆ ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು. ನೋಡಲು ಸುಲಭ. ಗ್ರೀನ್ ಹಿಂದೆ ಈಡನ್ ನದಿಯ ಅಳಿವೆ, ಅಲ್ಲಿಂದ ನೇರ ಬೀಸುವ ಗಾಳಿ. ಮುಂದೆ ಸ್ಟ್ರಾತ್, ಎಡಕ್ಕೆ ಹಿಲ್ ಎಂಬ ಬಂಕರುಗಳು. ಇಲ್ಲಿಯ ಬಂಕರ್ ಎಂದರೆ ತಟ್ಟೆಯಂಥ ಮರಳಿನ ಹೊಂಡವಲ್ಲ. ಹುಲ್ಲಿನ ಹೆಂಟೆಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗೋಡೆ ಇರುತ್ತದೆ, ಇಟ್ಟಿಗೆ ಸಾಲಿನಷ್ಟೇ ನೀಟು. ಒಳಗೆ ಇಳಿದರೆ ಗಾಳಿ ತಟ್ಟನೆ ನಿಲ್ಲುತ್ತದೆ. ಗಾಳಿಗೆ ಹೆದರಿದ ಕುರಿಗಳು ಮಲಗಿ ಮಲಗಿಯೇ ಈ ಹೊಂಡಗಳಾದವು ಎನ್ನುತ್ತಾರೆ. ಒಳಗೆ ನಿಂತು ನೋಡಿದ ಮೇಲೆ ನಾನು ಅದನ್ನು ನಂಬಿದೆ.

ಹನ್ನೆರಡು, ಹದಿಮೂರು ಬೇಗ ಮುಗಿದವು. ಹದಿನಾಲ್ಕು ‘ಲಾಂಗ್’, ಅದರ ನಡುವೆ ‘ಹೆಲ್’ ಬಂಕರ್. ಆಳ ಸುಮಾರು ಹತ್ತಡಿ. 1995ರ ಓಪನ್‌ನಲ್ಲಿ ಜಾಕ್ ನಿಕ್ಲಾಸ್‌ನಂಥ ಮಹಾ ಆಟಗಾರನಿಗೆ ಇಲ್ಲಿಂದ ಹೊರಬರಲು ನಾಲ್ಕು ಹೊಡೆತ ಬೇಕಾಯಿತು. ನಾವೆಲ್ಲ ಎಡಕ್ಕೆ ಸುತ್ತಿ ಬಳಸಿ ಹೋದೆವು.

ಇಲ್ಲಿಂದ ಊರು ಎದುರಿಗೇ ಕಾಣುತ್ತದೆ. ಚರ್ಚುಗಳ ಗೋಪುರ, 1413ರ ಯೂನಿವರ್ಸಿಟಿ ಇರುವ ಬೀದಿಗಳು, ದೂರದಲ್ಲಿ ಹಾಳಾದ ಕೆಥೆಡ್ರಲ್. ಆಟಗಾರರು ಯಾವುದೋ ಒಂದು ಗೋಪುರವನ್ನು ಗುರಿ ಇಟ್ಟುಕೊಂಡು ಹೊಡೆಯುತ್ತಾರೆ. ಮೇಷ್ಟ್ರು ಪ್ರತಿ ಟೀಯಲ್ಲೂ ಕೈ ಚಾಚಿ ತೋರಿಸುತ್ತಿದ್ದರು.

ಹದಿನೇಳನೆಯದು ‘ರೋಡ್ ಹೋಲ್’. ಮೊದಲ ಹೊಡೆತವನ್ನು ಹೋಟೆಲಿನ ಷೆಡ್ಡುಗಳ ಮೇಲಿಂದ ಹಾರಿಸಬೇಕು. ರೈಲಿದ್ದ ಕಾಲದ ಷೆಡ್ಡುಗಳ ಅಚ್ಚಿನಲ್ಲೇ ಇವನ್ನು ಕಟ್ಟಿದ್ದಾರೆ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೋಟೆಲಿನ ಹೆಸರು. ಯಾವ ಅಕ್ಷರದ ಮೇಲೆ ಹೊಡೆಯಬೇಕು ಎಂದು ಬ್ಯಾಗು ಹೊರುವ ಕ್ಯಾಡಿಗಳು ನಿಮ್ಮ ಶಕ್ತಿ ನೋಡಿ ಹೇಳುತ್ತಾರೆ. ಚೆಂಡು ಬೀಳುವ ಜಾಗ ಕಾಣುವುದೇ ಇಲ್ಲ. ಗ್ರೀನ್ ಕಿರಿದು, ಓರೆಯಾಗಿ ಮಲಗಿದೆ. ಮುಂದೆ ಆಳದ ಬಂಕರ್, ಹಿಂದೆ ಟಾರ್ ರಸ್ತೆ, ಅದರಾಚೆ ಕಲ್ಲಿನ ಗೋಡೆ. ರಸ್ತೆಯ ಮೇಲೆ ಬಿದ್ದರೂ ಅಲ್ಲಿಂದಲೇ ಆಡಬೇಕು. 1978ರ ಓಪನ್‌ನಲ್ಲಿ ಜಪಾನಿನ ಟಾಮಿ ನಕಾಜಿಮಾ ಗ್ರೀನ್ ಮೇಲೆ ಬಂದಾಗಿತ್ತು. ಅವನ ಪಟ್ ಉರುಳುತ್ತಾ ಹೋಗಿ ಬಂಕರಿಗೆ ಬಿತ್ತು. ಹೊರಬಂದು ಗುಂಡಿ ಸೇರುವ ಹೊತ್ತಿಗೆ ಆ ಹೋಲ್‌ಗೆ ಒಂಬತ್ತು ಹೊಡೆತವಾಗಿತ್ತು.

ನನ್ನ ಚೆಂಡು ಗ್ರೀನ್‌ನಿಂದ ಸಾಕಷ್ಟು ಹಿಂದೆ, ಬಲಕ್ಕೆ ನಿಂತಿತ್ತು. ಎತ್ತಿ ಹೊಡೆಯಬೇಡಿ, ಪಟರ್ ತೆಗೆಯಿರಿ ಎಂದರು ಮೇಷ್ಟ್ರು. ಇಲ್ಲಿಯ ನೆಲ ಗಟ್ಟಿ, ಹುಲ್ಲು ಮೋಟು, ಕೆಳಗೆ ಬರೀ ಮರಳು. ಹೊಡೆದೆ. ಚೆಂಡು ಒಂದು ದಿಬ್ಬ ಹತ್ತಿತು, ಬಂಕರಿನ ಕಡೆ ವಾಲಿತು, ಅದರ ತುಟಿಯ ಪಕ್ಕದಲ್ಲೇ ಇನ್ನೊಂದು ಇಳಿಜಾರು ಹಿಡಿದು ಬಲಕ್ಕೆ ತಿರುಗಿತು, ಬಾವುಟದ ಕಡೆ ಸಾಗಿತು. ರಸ್ತೆಯಾಚೆ ಗೋಡೆಗೆ ಒರಗಿ ನೋಡುತ್ತಿದ್ದ ಯಾರೋ ಚಪ್ಪಾಳೆ ತಟ್ಟಿದರು. ಇಂಥ ಹೊಡೆತವನ್ನು ನಾನು ಬೇರೆಲ್ಲೂ ಆಡಿಲ್ಲ. ನೆಲವನ್ನು ನಂಬಿ ಆಡುವ ಆಟ ಅದು.

ಹದಿನೆಂಟರಲ್ಲಿ ಸ್ವಿಲ್ಕನ್ ಸೇತುವೆ. ಸಣ್ಣ ಕಲ್ಲಿನ ಕಮಾನು, ಕುರಿ ಕಾಯುವವರು ಹಳ್ಳ ದಾಟಲು ಕಟ್ಟಿಕೊಂಡದ್ದು. 2005ರಲ್ಲಿ ನಿಕ್ಲಾಸ್ ಓಪನ್‌ಗೆ ವಿದಾಯ ಹೇಳಿದ್ದು ಇದರ ಮೇಲೆ ನಿಂತೇ. ಹೋಲ್‌ಗೆ ಟಾಮ್ ಮಾರಿಸ್ ಹೆಸರು. ಇದೇ ಊರಲ್ಲಿ 1821ರಲ್ಲಿ ಹುಟ್ಟಿ, ನಾಲ್ಕು ಸಲ ಓಪನ್ ಗೆದ್ದು, 1864ರಿಂದ 1903ರವರೆಗೆ ಈ ಹುಲ್ಲನ್ನು ನೋಡಿಕೊಂಡವನು. ಅವನ ಅಂಗಡಿ ಈಗಲೂ ಗ್ರೀನ್ ಪಕ್ಕದ ಬೀದಿಯಲ್ಲಿದೆ. ಭಾನುವಾರ ಕೋರ್ಸಿಗೆ ರಜೆ ಇರಲೇಬೇಕು, ಆಡುವವರಿಗೆ ಬೇಡವಾದರೂ ನೆಲಕ್ಕೆ ಬೇಕು ಎಂದು ಹಟ ಹಿಡಿದವನು ಅವನೇ ಎನ್ನುತ್ತಾರೆ.

ಆ ಪದ್ಧತಿ ಈಗಲೂ ಇದೆ. ದೊಡ್ಡ ಪಂದ್ಯಗಳನ್ನು ಬಿಟ್ಟರೆ ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟವಿಲ್ಲ. ಅವತ್ತು ಹೆಂಡತಿ, ಮಗಳ ಜೊತೆ ಅದೇ ದಾರಿಯಲ್ಲಿ ಸುಮ್ನೆ ನಡೆದೆ. ಊರೆಲ್ಲ ಅಲ್ಲೇ ಇತ್ತು. ನಾಯಿಗಳು ಫೇರ್‌ವೇ ತುಂಬ ಓಡುತ್ತಿದ್ದವು. ಮುದುಕರಿಬ್ಬರು ಹದಿನೇಳರ ಗೋಡೆಯ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದರು. ದುಡ್ಡು, ಟಿಕೆಟ್ಟು, ಸರ್ಟಿಫಿಕೇಟು ಏನೂ ಬೇಡ. ಕನ್ನಡಿಗರು ಯಾರಾದರೂ ಆ ಕಡೆ ಹೋದರೆ, ಗಾಲ್ಫ್ ಗೊತ್ತಿಲ್ಲದಿದ್ದರೂ, ಒಂದು ಭಾನುವಾರ ಅಲ್ಲಿರುವ ಹಾಗೆ ನೋಡಿಕೊಳ್ಳಿ.

ಕೋಲು ಹಿಡಿಯುವ ಆಸೆ ಇದ್ದವರಿಗೆ ಪಕ್ಕದಲ್ಲೇ ‘ಹಿಮಾಲಯಾಸ್’ ಇದೆ. ಬರೀ ಪಟ್ ಮಾಡುವ, ಉಬ್ಬುತಗ್ಗಿನ ಹುಲ್ಲು ಹಾಸು. ಹೆಂಗಸರು ಭುಜದಿಂದ ಮೇಲೆ ಕೋಲು ಬೀಸಬಾರದು ಎನ್ನುತ್ತಿದ್ದ ಕಾಲದಲ್ಲಿ, 1867ರಲ್ಲಿ, ಇಲ್ಲಿಯ ಹೆಂಗಸರು ತಮ್ಮದೇ ಪಟಿಂಗ್ ಕ್ಲಬ್ ಕಟ್ಟಿಕೊಂಡರು. ಈಗಲೂ ಅವರದೇ. ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಹೊರಡುವ ಮುಂಚೆ ಅಲ್ಲಿಗೂ ಹೋದೆವು. ಜೀವನದಲ್ಲಿ ಗಾಲ್ಫ್ ಕೋಲು ಮುಟ್ಟದ ನನ್ನ ಹೆಂಡತಿ ದಿಬ್ಬ ಹತ್ತಿಸಿ ಇಳಿಸಿ, ಒಂದೇ ಹೊಡೆತದಲ್ಲಿ ಚೆಂಡನ್ನು ಗುಂಡಿಗೆ ಹಾಕಿದಳು. ಲೂಕರ್ಸ್ ಬಸ್ಸು ಒಂದನ್ನು ಬಿಟ್ಟು ಇನ್ನೊಂದು ಸುತ್ತು ಆಡಿದೆವು.