ನಿಕೋನ ಕೈ ನಿಧಾನವಾದಾಗ

2024ರ ಡಿಸೆಂಬರ್ 8, ಭಾನುವಾರ. ಹಲ್ಲುಜ್ಜುವ ಮೊದಲೇ ಫೋನ್ ನೋಡಿದೆ. ಕೆಟ್ಟ ಅಭ್ಯಾಸ. ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಇನ್ನು ಟೂರ್‌ಗೆ ಬರಲ್ಲ, ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಶನಿವಾರ ನುಡಿಸಿದ್ದೇ ಕೊನೆಯದು ಅಂತ ಸುದ್ದಿ. 72 ವರ್ಷದವರಿಗೆ ಏಕವಚನ ತಪ್ಪು, ಗೊತ್ತು. ಆದರೆ ಹಾಸ್ಟೆಲ್ ಗೋಡೆ ಮೇಲಿದ್ದವನಿಗೆ ಬಹುವಚನ ನಾಲಿಗೆಗೇ ಬರಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. 'ನೋಡ್ದೆ ಮಾರಾಯ, ತಿಂಡಿಗೆ ಬಾ' ಅಂದ. ಕುಂದಾಪುರದ ಕಡೆಯವನು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಮೇಡನ್ ನುಡಿಸಿದಾಗ ಇಬ್ಬರೂ ಒಟ್ಟಿಗೇ ಇದ್ದೆವು. ಮೊದಲು ದಿಲ್ಲಿಯ ರಾಕ್ ಬ್ಯಾಂಡ್ ಪರಿಕ್ರಮ ನುಡಿಸಿತು, ಆಮೇಲೆ ಇವರು ಬಂದರು. ನಿಕೋನ ಡ್ರಮ್ ಸೆಟ್ ಎಷ್ಟು ದೊಡ್ಡದು ಅಂದರೆ ಅದರ ಹಿಂದೆ ಅವನ ಮುಖ ಸರಿಯಾಗಿ ಕಾಣಲೇ ಇಲ್ಲ, ಸದ್ದು ಎದೆಗೆ ಬಡಿಯುತ್ತಿತ್ತು ಅಷ್ಟೆ.

ದರ್ಶಿನಿಯಲ್ಲಿ ನಿಂತುಕೊಂಡೇ ಜಗಳ ಶುರುವಾಯಿತು. ನನ್ನ ಸಿಟ್ಟು ನಿಕೋ ನಿಲ್ಲಿಸಿದ್ದಕ್ಕಲ್ಲ, ವಿಷಯ ಮುಚ್ಚಿಟ್ಟಿದ್ದಕ್ಕೆ. 2023ರ ಜನವರಿಯಲ್ಲಿ ಅವನಿಗೆ ಸ್ಟ್ರೋಕ್ ಆಗಿತ್ತು, ಬಲಗೈ ಸ್ವಾಧೀನ ತಪ್ಪಿತ್ತು. ಮೇ ಕೊನೆಗೆ ಟೂರ್ ಶುರುವಾಯಿತು. ನಮಗೆ ವಿಷಯ ತಿಳಿಸಿದ್ದು ಆಗಸ್ಟ್‌ನಲ್ಲಿ! ನಡುವಿನ ಆ ಎರಡು ತಿಂಗಳು ನಾವು ಶೋಗಳ ವಿಡಿಯೋ ನೋಡಿ, ಹಾಡುಗಳು ಯಾಕೋ ನಿಧಾನ ಆಗಿವೆ, ಹಳೆಯ ಫಿಲ್‌ಗಳು (ಸಾಲುಗಳ ನಡುವೆ ಡ್ರಮ್ಮರ್ ತುಂಬುವ ಚುಟುಕು ಬಡಿತಗಳು) ಕಾಣೆಯಾಗಿವೆ ಅಂತ ಸುಮ್ನೆ ಆಡಿಕೊಂಡಿದ್ದೆವು. 'ಮೆಟ್ರೊನೋಮ್‌ಗೆ (ತಾಳ ಹಿಡಿಯೋ ಯಂತ್ರಕ್ಕೆ) ಲೋ ಬಿಪಿ' ಅಂತ ಕಾಲೇಜು ಗುಂಪಿನಲ್ಲಿ ಹಾಕಿದ್ದು ನಾನೇ. ಮೊದಲೇ ಹೇಳಿದ್ದರೆ ಯಾರಾದರೂ ನಗುತ್ತಿದ್ದರಾ? ನಾಲ್ಕು ತಿಂಗಳಲ್ಲಿ ಕೈಯನ್ನು ಮತ್ತೆ ಹಿಡಿತಕ್ಕೆ ತಂದುಕೊಂಡು ಎರಡು ಗಂಟೆ ನುಡಿಸಿದನಲ್ಲ ಅಂತ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆವು.

'ಹೇಳಿದ್ರೆ ಟಿಕೆಟ್ ಯಾರು ತಗೊಳ್ತಿದ್ರು?' ಅಂದ ಅವನು.

'ನಾನು ತಗೊಳ್ತಿದ್ದೆ.'

'ನೀನು ಬೆಂಗಳೂರಲ್ಲಿ ಕೂತು ಫ್ರೀ ವಿಡಿಯೋ ನೋಡೋನು.'

ಸರಿ, ಅದೂ ನಿಜವೇ. ಆದರೆ ಇನ್ನೊಂದು ಮಾತು ಬಿಡಲಿಲ್ಲ ನಾನು. ಬ್ಯಾಂಡ್‌ಗೆ 50 ವರ್ಷ ಅಂತ 2025ರ ಟೂರ್‌ಗೆ ಆಗಲೇ ಟಿಕೆಟ್ ಮಾರಾಟ ಶುರುವಾಗಿತ್ತು. ನಿಕೋ ಇರುತ್ತಾನೆ ಅಂತಲೇ ದುಡ್ಡು ಕೊಟ್ಟವರು ಎಷ್ಟು ಜನರೋ. ಮ್ಯಾನೇಜರ್ 1979ರಿಂದ ಜೊತೆಗಿರುವವರು, ನಿಕೋಗಿಂತ ಹಳಬರು. ಅಭಿಮಾನಿಗಳನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ವಡೆ ಮುರಿಯುತ್ತಾ ಅವನು ಹೇಳಿದ: 'ನಮ್ಮ ಕಡೆ ಮೇಳದಲ್ಲಿ ಚಂಡೆಯವರ ಕೈ ಸೋತ್ರೆ ಬೆಳಗಾಗೋದ್ರೊಳಗೆ ಊರಿಗೆಲ್ಲ ಗೊತ್ತಾಗ್ತದೆ. ಆದ್ರೂ ಯಜಮಾನ್ರು ಮೈಕ್ ಹಿಡಿದು ಹೇಳೋದಿಲ್ಲ. ಅವ್ರ ಮರ್ಯಾದೆ ಅದು. ನಿಕೋನೇ ಹೇಳಬೇಡಿ ಅಂದಿರಬಹುದಲ್ಲ?'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾಫಿ ತಂದೆ.

ಹೊಸ ಡ್ರಮ್ಮರ್ ಹೆಸರೂ ತಡವಾಗದೆ ಬಂತು. ಸೈಮನ್ ಡಾಸನ್, ಬೇಸ್ ನುಡಿಸುವ ಸ್ಟೀವ್ ಹ್ಯಾರಿಸ್‌ನ ಇನ್ನೊಂದು ಬ್ಯಾಂಡ್ ಬ್ರಿಟಿಷ್ ಲಯನ್‌ನವನು. ಕೆಟ್ಟ ಆಯ್ಕೆ ಅಂತ ಹೇಳಲ್ಲ. ಆದರೂ 42 ವರ್ಷ ಒಬ್ಬನೇ ಕೂತ ಜಾಗ ಅದು, ಒಂದು ವಾರ ಖಾಲಿ ಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಮನೆಗೆ ಬಂದು ಗುಂಪಿನಲ್ಲಿ ನನ್ನ ಆ ಮೆಟ್ರೊನೋಮ್ ಜೋಕ್ ಹುಡುಕಿದೆ. ಅಳಿಸೋಣ ಅಂತ ಒತ್ತಿದರೆ ನನಗೆ ಮಾತ್ರ ಅಳಿಸುವ ದಾರಿ ತೋರಿಸಿತು, ಎಲ್ಲರಿಗೂ ಅಳಿಸುವ ಸಮಯ ಎಂದೋ ಮುಗಿದಿತ್ತು. ಜೋಕಿನ ಕೆಳಗೆ ಹನ್ನೊಂದು ನಗುವ ಮುಖಗಳು. ಮೊದಲನೆಯದು ಕುಂದಾಪುರದವನದೇ.