ಭಾಷಣ ಸಾಕು, ಹುಡುಗರಿಗೆ ಕೆಲಸ ಕೊಡಿ

ಪ್ರತಿ ವರ್ಷ ಜೂನ್ 26 ಬಂತು ಅಂದ್ರೆ ಶಾಲೆ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನ. ಮಕ್ಕಳನ್ನು ಸಾಲಾಗಿ ಕೂರಿಸಿ, ಬಾಯಿ ಕ್ಯಾನ್ಸರ್ ಫೋಟೊ ತೋರಿಸಿ, ಪ್ರತಿಜ್ಞೆ ಮಾಡಿಸಿ ಕಳಿಸುತ್ತಾರೆ. 2020ರಲ್ಲಿ ಅದೂ ಇರಲಿಲ್ಲ. ಕೊರೊನಾದಿಂದ ಶಾಲೆ ಬಂದ್, ವಾಲಿಬಾಲ್ ನೆಟ್ ಬಿಚ್ಚಿ ಒಳಗಿಟ್ಟಾಗಿತ್ತು. ಕಾರವಾರದ ಸುತ್ತಲಿನ ಊರುಗಳಲ್ಲಿ ಯುವಕ ಮಂಡಳಗಳ ಜೊತೆ ಓಡಾಡುವ ನನಗೆ ಭಾಷಣ ನಿಂತಿದ್ದಕ್ಕೆ ಬೇಜಾರಾಗಲಿಲ್ಲ, ಆಟ ನಿಂತಿದ್ದಕ್ಕೆ ಹೆದರಿಕೆಯಾಯಿತು.

ಯಾಕೆ ಅಂದ್ರೆ ಐಸ್‌ಲ್ಯಾಂಡ್ ಅನ್ನೋ ಪುಟ್ಟ ದೇಶದಲ್ಲಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡ 15-16 ವರ್ಷದ ಮಕ್ಕಳು 1998ರಲ್ಲಿ ಶೇ. 42 ಇದ್ದರು, 2016ರ ಹೊತ್ತಿಗೆ ಶೇ. 5ಕ್ಕೆ ಇಳಿದರು. ಅಲ್ಲಿ ಮಾಡಿದ್ದು ಮುಖ್ಯವಾಗಿ ಮೂರು: ಶಾಲೆ ಬಿಟ್ಟ ಮೇಲೆ ಆಟ, ಸಂಗೀತ, ಅಪ್ಪ ಅಮ್ಮ ಮಕ್ಕಳ ಜೊತೆ ಜಾಸ್ತಿ ಹೊತ್ತು ಇರುವುದು, ವರ್ಷ ವರ್ಷ ಮಕ್ಕಳನ್ನೇ ಕೇಳಿ ತಿಳಿದುಕೊಳ್ಳುವುದು. ಕೊರೊನಾ ಕಿತ್ತುಕೊಂಡಿದ್ದು ಇದರಲ್ಲಿ ಮೊದಲನೆಯದನ್ನೇ, ಅಲ್ವಾ?

ಮನೆಯಲ್ಲಿ ಇನ್ನೊಂದು ಕಥೆ. ಮಾರ್ಚ್ ಕೊನೆಯಲ್ಲಿ ಮುಚ್ಚಿದ ವೈನ್ ಶಾಪ್ ಬಾಗಿಲು ತೆರೆದಿದ್ದು ಮೇ 4ಕ್ಕೆ. ದಿನಾ ಕುಡಿಯುವವರಿಗೆ ಒಮ್ಮೆಲೇ ನಿಂತರೆ ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ಇದನ್ನೆಲ್ಲ ಹತ್ತಿರದಿಂದ ನೋಡಿದ್ದು ಮನೆಯ ಮಕ್ಕಳು. ದೊಡ್ಡವರು "ಮೈಮೇಲೆ ಬಂದಿದೆ" ಅನ್ನುತ್ತಿದ್ದಾಗ, ಇದು ಕಾಯಿಲೆ, 108ಕ್ಕೆ ಫೋನ್ ಮಾಡಬೇಕು ಅಂತ ಹೇಳಿಕೊಟ್ಟರೆ ಮಕ್ಕಳಿಗೆ ಬೇಗ ಅರ್ಥವಾಗುತ್ತಿತ್ತು.

ಆನ್‌ಲೈನ್ ಮೀಟಿಂಗ್ ನಮ್ಮಲ್ಲಿ ನಡೆಯಲಿಲ್ಲ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು, ಹತ್ತಿದರೂ ಯಾರೂ ವಿಡಿಯೋ ಆನ್ ಮಾಡುವುದಿಲ್ಲ. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಮಾತ್ರ ಬರುತ್ತಿತ್ತು, ಅರ್ಧ ಕೊಂಕಣಿ, ಅರ್ಧ ಕನ್ನಡ, ಹಿಂದೆ ಮಳೆ ಸದ್ದು. ಮುಖ ತೋರಿಸದ ಹುಡುಗರು ಅದರಲ್ಲಿ ಮನಸ್ಸು ಬಿಚ್ಚಿ ಮಾತಾಡಿದರು.

ಅದಕ್ಕಿಂತ ಹೆಚ್ಚು ಹಿಡಿಸಿದ್ದು ಕೆಲಸ. ವಯಸ್ಸಾದವರ ಮನೆಗೆ ರೇಷನ್, ಬಿಪಿ ಮಾತ್ರೆ ಮುಟ್ಟಿಸುವ ಜವಾಬ್ದಾರಿ ಕೊಟ್ಟಾಗ, ದಿನವಿಡೀ ಕಟ್ಟೆ ಮೇಲೆ ಗುಟ್ಕಾ ಜಗಿಯುತ್ತಿದ್ದವರೂ ಬೆಳಿಗ್ಗೆ ಎದ್ದು ಬಂದರು. ಒಂದು ದಿನ ಒಬ್ಬ ಹುಡುಗ ಕೇಳಿದ, "ಅಕ್ಕಾ, ಶಾಲೆ ಹತ್ತಿರ ಬೀಡಿ ಸಿಗರೇಟು ಮಾರುವ ಹಾಗಿಲ್ಲ ಅಂತಾರಲ್ಲ, ಎಷ್ಟು ದೂರ?" 2003ರ ಕಾಯ್ದೆ ಪ್ರಕಾರ ನೂರು ಗಜ ಅಂದೆ. ಗಜದ ಲೆಕ್ಕ ಅವನಿಗೆ ಬೇಡ. ಅಪ್ಪನ ಬಲೆಯ ಹಗ್ಗ ತಂದ, ಎರಡೂ ಕೈ ಚಾಚಿ ಮಾರು ಹಾಕುತ್ತಾ ಹೋದ. ಮಾರಿಗೆ ಆರು ಅಡಿ ಹಿಡಿದರೆ ಐವತ್ತು ಮಾರು. ಶಾಲೆ ಗೇಟಿಗೆ ಹಗ್ಗದ ಒಂದು ತುದಿ ಕಟ್ಟಿ, ಮಾಸ್ಕ್ ಹಾಕಿಕೊಂಡು ಎಳೆದುಕೊಂಡು ನಡೆದರು. ಗೂಡಂಗಡಿ ಬಂದ ಮೇಲೂ ಹಗ್ಗ ಬೇಕಾದಷ್ಟು ಉಳಿದಿತ್ತು. ಅಂಗಡಿಯವರ ಹತ್ತಿರ ಹುಡುಗರೇ ಮಾತಾಡಿದರು, ಜಗಳವಿಲ್ಲದೆ. ಅಂಗಡಿಯವರಿಗೂ ಹೊಟ್ಟೆಪಾಡು ಇದೆ, ಹಾಗಾಗಿ ಚಿಪ್ಸ್, ಬಿಸ್ಕೆಟ್ ಮುಂದೆ ಬಂತು, ಸರಮಾಲೆ ಹಾಗೆ ನೇತಾಡುತ್ತಿದ್ದ ಪೊಟ್ಟಣ ಇಳಿಯಿತು.

ಒಂದು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಯಾರ ಮನೆಯಲ್ಲಿ ಯಾರು ಕುಡಿಯುತ್ತಾರೆ, ಯಾರ ಹತ್ತಿರ ಗಾಂಜಾ ಇದೆ ಅಂತ ಮಕ್ಕಳ ಕೈಲಿ ಪಟ್ಟಿ ಮಾಡಿಸಬೇಡಿ. ಸಣ್ಣ ಊರು, ಮರುದಿನ ಅದೇ ಓಣಿಯಲ್ಲಿ ಅವರು ನಡೆಯಬೇಕು. ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಕಷ್ಟ. ಅವರನ್ನು ರಂಗೋಲಿ, ಪೋಸ್ಟರ್‌ಗೆ ಮಾತ್ರ ಕರೆಯುವುದನ್ನೂ ನಿಲ್ಲಿಸಿ. ಕುಡಿತದ ಪೆಟ್ಟು ಮೊದಲು ಬೀಳುವುದು ಅವರ ಅಮ್ಮಂದಿರ ಮೇಲೆ. ಏನು ಮಾಡಬೇಕು ಅಂತ ತೀರ್ಮಾನ ಮಾಡುವಾಗ ಅವರೂ ಕೂತಿರಬೇಕು.

ಈಗ ವ್ಯಸನ ಬಿಡಿಸಲು ಸಹಾಯವಾಣಿ 14446 ಇದೆ, ಮನಸ್ಸಿನ ತೊಂದರೆಗೆ 14416. ನಂಬರ್ ಗೋಡೆಗೆ ಅಂಟಿಸಿದರೆ ಎಷ್ಟೋ ಜನ ಫೋನ್ ಮಾಡುವುದಿಲ್ಲ. ಪಕ್ಕದಲ್ಲಿ ಗೊತ್ತಿರುವ ಹುಡುಗನೊಬ್ಬ ಕೂತು, "ಮಾವ, ನಾನೇ ಹಚ್ಚಿ ಕೊಡ್ತೇನೆ, ನೀವು ಮಾತಾಡಿ" ಅಂದರೆ ಮಾಡುತ್ತಾರೆ.