ಹುಳುಮನೆ ಬಾಗಿಲಲ್ಲಿ ಕುಸಿದ ಚಪ್ಪಡಿ

ಶಿಡ್ಲಘಟ್ಟದ ಕಡೆಯ ಒಂದು ರೇಷ್ಮೆ ಹುಳುಮನೆ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿ ಆಗಿತ್ತು, ಮುಂದಿನ ಚಾಕಿ, ಅಂದರೆ ಮುಂದಿನ ಬೆಳೆಯ ಎಳೆ ಹುಳು, ಬರಲು ಇನ್ನು 12 ದಿನ. ಅಷ್ಟರೊಳಗೆ ಬಾಗಿಲ ಮುಂದಿನ ಕಾಂಕ್ರೀಟ್ ಚಪ್ಪಡಿಗಳನ್ನು ಸರಿ ಮಾಡಬೇಕಿತ್ತು. ಗೋಡೆಗುಂಟ ಹಾಸಿದ 6 ಚಪ್ಪಡಿ. ಒಂದೊಂದೂ ಹೊರಕ್ಕೆ 4 ಅಡಿ, ಅಗಲ 3 ಅಡಿ, ದಪ್ಪ 4 ಇಂಚು. ಅದರಲ್ಲಿ 3 ಚಪ್ಪಡಿ ಗೋಡೆ ಕಡೆಗೆ ವಾಲಿ ಒಂದೂವರೆ ಇಂಚು ಇಳಿದಿದ್ದವು. ಸೊಪ್ಪಿನ ಹೊರೆ ತರುವವರು ಎಡವುತ್ತಿದ್ದುದು ಅಲ್ಲೇ.

“ಮೇಲೊಂದು ಇಂಚು ಗಾರೆ ಬಳಿದ್ರೆ ಆಗಲ್ವಾ ಅಣ್ಣಾ?” ಅಂದರು ಮನೆಯ ಅಮ್ಮ. ಆಗಲ್ಲ. ಹಳೇ ಕಾಂಕ್ರೀಟಿನ ಮೇಲೆ ಬಳಿದ ತೆಳು ಗಾರೆ ಒಂದೆರಡು ಮಳೆಗೆ ಹಕ್ಕಳೆ ಏಳುತ್ತದೆ, ಕೆಳಗಿನ ಟೊಳ್ಳು ಹಾಗೇ ಉಳಿಯುತ್ತದೆ.

ಸರಳಿನ ತುದಿಯಿಂದ ಚಪ್ಪಡಿಗಳ ಮೇಲೆ ತಟ್ಟುತ್ತಾ ಹೋದೆವು. ಮಣ್ಣು ಕೂತಲ್ಲಿ ಗಟ್ಟಿ ಸದ್ದು, ಟೊಳ್ಳಿದ್ದಲ್ಲಿ ಡಬಡಬ. ಡಬಡಬ ಅಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರೆ, ಗೋಡೆಯುದ್ದಕ್ಕೂ ಸುಮಾರು 2 ಅಡಿ ಅಗಲದ ಪಟ್ಟಿ ಮೂಡಿತು. ಪಾಯಕ್ಕೆ ತೋಡಿದ ಗುಂಡಿಯ ಅಂಚು ಅದು. ಪಾಯ ಎದ್ದ ಮೇಲೆ ಆ ಸಂದಿಗೆ ಕೆಮ್ಮಣ್ಣನ್ನು ಒಂದೇ ಸಲ ಸುರಿದು, ದಿಮ್ಮಸು (ಮಣ್ಣು ಕುಟ್ಟಿ ಬಿಗಿ ಮಾಡುವ ಭಾರದ ಸಾಧನ) ಹೊಡೆಯದೆ ಮುಚ್ಚಿದ್ದಾರೆ. ಒಣಗಿದ್ದಾಗ ಕಲ್ಲಿನಂತೆ ನಿಲ್ಲುವ ಆ ಮಣ್ಣು ನೀರು ಕುಡಿದರೆ ಕೂರುತ್ತದೆ. ನೀರಿಗೇನೂ ಕೊರತೆಯಿರಲಿಲ್ಲ. ಪ್ರತಿ ಬೆಳೆ ಮುಗಿದಾಗ ಹುಳುಮನೆ ತೊಳೆದು ಬ್ಲೀಚಿಂಗ್ ಪೌಡರ್ ನೀರು ಹೊಡೆಯುತ್ತಾರೆ. ಅದೆಲ್ಲ ಹೊಸಿಲಿಂದ ಇಳಿದು ಗೋಡೆ ಸಂದಿಗೆ ಹೋಗುತ್ತಿತ್ತು. ತಾರಸಿಯ ಮಳೆನೀರಿನ ಪೈಪೂ ಅದೇ ಮೂಲೆಗೆ ಸುರಿಯುತ್ತಿತ್ತು.

ಹಾಗಾಗಿ ಮೊದಲು ಪೈಪಿಗೆ ಬೆಂಡು ಕೂರಿಸಿ, ಗೋಡೆಯಿಂದ 6 ಅಡಿ ಆಚೆಯ ಮೋರಿಗೆ ಬಿಟ್ಟೆವು. ಇದನ್ನು ಬಿಟ್ಟು ಚಪ್ಪಡಿ ಎತ್ತಿದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಕೆಲಸ.

ಈ ಅಳತೆಯ ಚಪ್ಪಡಿ 270 ಕೆಜಿ ಆಸುಪಾಸು ತೂಗುತ್ತದೆ. ಸಂದಿಯ ಗಾರೆಯನ್ನು ಉಳಿಯಿಂದ ಪೂರ್ತಿ ಬಿಡಿಸಿ, ಹೊರ ಅಂಚಿಗೆ 2 ಹಾರೆ ಹಾಕಿ ಮೀಟಿ, ಕೆಳಗೆ ಕಬ್ಬಿಣದ ಪೈಪು ತುಂಡು ಉರುಳುಗೋಲಾಗಿ ಕೊಟ್ಟು ಹೊರಕ್ಕೆ ಎಳೆದೆವು. ಆನಿಕೆಗೆ ಮರದ ದಿಮ್ಮಿಯೇ ಆಗಬೇಕು, ಇಟ್ಟಿಗೆ ಪುಡಿಯಾಗುತ್ತದೆ. ಎತ್ತಿದ ಚಪ್ಪಡಿಯ ಕೆಳಗೆ ಯಾವ ಕಾರಣಕ್ಕೂ ಕೈ ಹಾಕಬಾರದು. ಒಂದು ಚಪ್ಪಡಿ ಎಳೆಯುವಾಗಲೇ ಮೂರು ಹೋಳಾಯಿತು. ಟೊಳ್ಳಿನ ಮೇಲೆ ತೂಗಿಕೊಂಡು ಅಡಿಯಲ್ಲಿ ಮೊದಲೇ ಬಿರುಕು ಬಿಟ್ಟಿತ್ತು.

ಕೆಳಗಿನ ಮಣ್ಣಿಗೆ ಹಾರೆಯನ್ನು ಕೈಭಾರಕ್ಕೆ ಊರಿದರೆ ಒಂದಡಿ ಇಳಿಯಿತು. ಅಷ್ಟನ್ನೂ ತೆಗೆದು, ಗರಸು ಮಣ್ಣನ್ನು ತಲಾ 4 ಇಂಚಿನ ಪದರವಾಗಿ ತುಂಬಿ ದಿಮ್ಮಸು ಹೊಡೆದೆವು. ಹದ ನೋಡುವುದು ಮುಷ್ಟಿಯಲ್ಲಿ. ಹಿಡಿದರೆ ಉಂಡೆ ಕಟ್ಟಬೇಕು, ಸೊಂಟದೆತ್ತರದಿಂದ ಬಿಟ್ಟರೆ ನಾಲ್ಕಾರು ಚೂರಾಗಬೇಕು. ಅಂಗೈ ಒದ್ದೆಯಾದರೆ ನೀರು ಹೆಚ್ಚಾಗಿದೆ. ಅಂಥ ಮಣ್ಣು ದಿಮ್ಮಸಿನ ಕೆಳಗೆ ರಬ್ಬರಿನಂತೆ ಕುಣಿಯುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಇಲ್ಲಿ ಅವಸರ ಮಾಡಿದವರೇ ಹೆಚ್ಚು.

ಅದರ ಮೇಲೆ 2 ಇಂಚು ಕ್ರಷರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಬರುವ ಕಲ್ಲುಪುಡಿ. ಬರೀ ಪುಡಿ ನೀರಿಗೆ ಕೊಚ್ಚಿಹೋಗುತ್ತದೆ, ಅದಕ್ಕೆ 8 ಬಾಂಡ್ಲಿಗೆ 1 ಬಾಂಡ್ಲಿ ಸಿಮೆಂಟ್ ಬೆರೆಸಿ ಅರೆತೇವದಲ್ಲಿ ಹರಡಬೇಕು. ಮೂರು ಚಪ್ಪಡಿಗೆ ಒಂದು ಮೂಟೆ ಸಿಮೆಂಟ್ ಸಾಕು, ಸ್ವಲ್ಪ ಮಿಗುತ್ತದೆ. ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರು ತುಂಬಿದ ಕೊಳವೆ) ಹಿಡಿದು, 4 ಅಡಿಗೆ 1 ಇಂಚು ಹೊರಕ್ಕೆ ಇಳಿಜಾರು ಕೊಟ್ಟು, ಕೂರುವ ಲೆಕ್ಕಕ್ಕೆ ಕಾಲಿಂಚು ಎತ್ತರ ಬಿಟ್ಟೆವು. ಚಪ್ಪಡಿ ಇಟ್ಟು, ಮರದ ಹಲಗೆ ಅಡ್ಡ ಕೊಟ್ಟು ಸುತ್ತಿಗೆಯಿಂದ ತಟ್ಟಿದಾಗ ಆ ಕಾಲಿಂಚು ಸರಿಹೋಯಿತು.

ಒಡೆದದ್ದರ ಜಾಗಕ್ಕೆ 1:2:4 ಕಾಂಕ್ರೀಟು (ಸಿಮೆಂಟ್ 1, ಮರಳು 2, ಜಲ್ಲಿ 4 ಪಾಲು), 20 ಎಂಎಂ ಜಲ್ಲಿ; ಸಿಮೆಂಟು ಮುಕ್ಕಾಲು ಮೂಟೆ ಹಿಡಿಯಿತು. ಮೂಟೆಗೆ 28 ಲೀಟರಿಗಿಂತ ಹೆಚ್ಚು ನೀರು ಹಾಕಬಾರದು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. 7 ದಿನ ಗೋಣಿಚೀಲ ಹೊದಿಸಿ ನೆನೆಸಬೇಕು.

ಗೋಡೆಗೂ ಚಪ್ಪಡಿಗೂ ನಡುವೆ ಅರ್ಧ ಇಂಚು ಸಂದಿ ಬಿಟ್ಟು, ಬಿಸಿ ಟಾರಿಗೆ ಮರಳು ಕಲಸಿ ತುಂಬಿದೆವು. ಅಲ್ಲಿ ಸಿಮೆಂಟ್ ಗಾರೆ ಹಾಕಿದರೆ, ಗೋಡೆ ಒಂದು ಕಡೆ ಚಪ್ಪಡಿ ಒಂದು ಕಡೆ ಅಲುಗಿ, ಕೂದಲೆಳೆ ಬಿರುಕಿನಿಂದ ನೀರು ಮತ್ತೆ ಪಾಯ ಸೇರುತ್ತದೆ.

ಟಾರು ಆರಿದ ಮೇಲೆ ಹೊಸಿಲ ಮೇಲೆ 2 ಬಿಂದಿಗೆ ನೀರು ಸುರಿದೆವು. ಎಲ್ಲೂ ನಿಲ್ಲದೆ ಮೋರಿಗೆ ಹರಿಯಿತು.